ಮ್ಯಾಜಿಕ್ ಡ್ರಾಫ್ಟ್: ನಿಮ್ಮ ಡೆಕ್ ಎಲ್ಲಿ ಕೈಕೊಡುತ್ತಿದೆ ಅಂತ ಪತ್ತೆ ಮಾಡುವ ಕ್ರಮ

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದಲ್ಲಿ ಡ್ರಾಫ್ಟ್ (ಪ್ಯಾಕ್‌ಗಳಿಂದ ಕಾರ್ಡ್ ಆರಿಸಿ ಅಲ್ಲೇ ಡೆಕ್ ಕಟ್ಟಿ ಆಡುವ ಪಂದ್ಯ) ಆಡಿ ಸೋತವರನ್ನು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ "ಲ್ಯಾಂಡ್ ಬರಲಿಲ್ಲ" ಅನ್ನುತ್ತಾರೆ. ಲ್ಯಾಂಡ್ ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ಶಕ್ತಿಯನ್ನು, ಅಂದರೆ ಮನಾವನ್ನು, ಕೊಡುವ ಕಾರ್ಡ್. ಅದು ಬರಲಿಲ್ಲ ಅನ್ನುವುದು ಕೆಲವು ಸಲ ನಿಜವೂ ಹೌದು. ಆದರೆ ಬಹಳ ಸಲ ಲ್ಯಾಂಡ್ ಬರದೇ ಇದ್ದದ್ದು ಬರೀ ಲಕ್ಷಣ. ದೋಷ ಬೇರೆ ಕಡೆ ಕೂತಿರುತ್ತದೆ. ಡೆಕ್ ಕಟ್ಟುವಾಗ ಆಗಿರಬಹುದು, ಅದಕ್ಕೂ ಮುಂಚೆ ಎರಡನೇ ಪ್ಯಾಕ್‌ನ ನಡುವೆಯೇ ಆಗಿರಬಹುದು. ಸೋಲು ಕಾಣಿಸಿಕೊಳ್ಳುವ ಜಾಗ ಒಂದು, ಶುರುವಾಗುವ ಜಾಗ ಇನ್ನೊಂದು. ಹಾಗಾಗಿ ಆಟದಿಂದ ಡೆಕ್‌ಗೆ, ಡೆಕ್‌ನಿಂದ ಡ್ರಾಫ್ಟ್‌ಗೆ, ಹೀಗೆ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು.

ನಿಯಮ ಗೊತ್ತಿದ್ದು, ಒಂದಿಷ್ಟು ಡ್ರಾಫ್ಟ್ ಆಡಿದ್ದು, ಆದರೂ ಗೆಲುವು ಹೆಚ್ಚುತ್ತಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೇಜಿಗೆ ಸಾಮಾನ್ಯವಾಗಿ ಎಂಟು ಜನ, ಒಬ್ಬೊಬ್ಬರಿಗೆ ಮೂರು ಪ್ಯಾಕ್. ಒಂದು ಕಾರ್ಡ್ ಆರಿಸಿ (ಇದೇ ಪಿಕ್) ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಕೊನೆಗೆ ಕನಿಷ್ಠ 40 ಕಾರ್ಡ್‌ನ ಡೆಕ್. ಅದರಲ್ಲಿ 17 ಲ್ಯಾಂಡ್, 23 ಬೇರೆ ಕಾರ್ಡ್ ಅನ್ನುವುದು ರೂಢಿ. ಕೆಳಗಿನ ಲೆಕ್ಕಗಳೆಲ್ಲ ಈ 40 ಕಾರ್ಡ್‌ನ ಡೆಕ್ಕಿಗೆ ಸಂಬಂಧಿಸಿದವು. ಯಾರು ಬೇಕಾದರೂ ಕೂತು ಲೆಕ್ಕ ಹಾಕಿ ನೋಡಬಹುದು.

ಮೊದಲ ಪ್ರಶ್ನೆ: ದೋಷ ನಿಜವಾಗಿ ಇದೆಯಾ?

ಒಂದು ಡ್ರಾಫ್ಟ್ ಸೋತ ತಕ್ಷಣ ರಿಪೇರಿಗೆ ಕೂರಬೇಡಿ. ಈ ಆಟದ ಆನ್‌ಲೈನ್ ರೂಪವಾದ ಅರೀನಾದಲ್ಲಿ ಪ್ರೀಮಿಯರ್ ಡ್ರಾಫ್ಟ್ ಏಳು ಗೆಲುವು ಅಥವಾ ಮೂರು ಸೋಲಿಗೆ ಮುಗಿಯುತ್ತದೆ. ನೂರಕ್ಕೆ 55 ಆಟ ಗೆಲ್ಲುವವರು ಅಂದರೆ ಒಳ್ಳೆಯ ಆಟಗಾರರೇ. ಅವರೂ ಸುಮಾರು ಹನ್ನೊಂದು ಡ್ರಾಫ್ಟ್‌ಗೆ ಒಂದು ಸಲ ಮೊದಲ ಮೂರು ಆಟವನ್ನೂ ಸೋತು ಹೊರಗೆ ಬರುತ್ತಾರೆ. ಸರಿಸಮಾನ ಆಡುವವರಿಗೆ ಎಂಟಕ್ಕೆ ಒಂದು ಸಲ ಹೀಗಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಒಂದು ಸೋಲು ನೋಡಿ "ನೀಲಿ ಬಣ್ಣವೇ ಸರಿಯಿಲ್ಲ" ಅಂತ ತೀರ್ಮಾನಿಸಿದರೆ, ಇಲ್ಲದ ದೋಷಕ್ಕೆ ಮದ್ದು ಮಾಡಿದ ಹಾಗೆ.

ಅದರ ಬದಲು ಸೋತ ಪ್ರತಿ ಆಟ ಮುಗಿದ ಕೂಡಲೇ ಮೂರು ವಿಷಯ ಬರೆದಿಡಿ. ಮೊದಲ ಕಾರ್ಡ್ ಆಡಿದ್ದು ಎಷ್ಟನೇ ಟರ್ನ್‌ನಲ್ಲಿ? ಸೋಲುವಾಗ ಕೈಯಲ್ಲಿ ಏನು ಉಳಿದಿತ್ತು? ನಿಮ್ಮನ್ನು ಸೋಲಿಸಿದ್ದು ಯಾವ ಕಾರ್ಡ್? ಹತ್ತು ಹನ್ನೆರಡು ಸೋಲು ಸೇರಿದ ಮೇಲೆ ಪಟ್ಟಿಯೇ ಮಾತಾಡುತ್ತದೆ. ಮೂರರಲ್ಲಿ ಬಹಳ ಮುಖ್ಯವಾದದ್ದು ಎರಡನೆಯದು. ಕೈಯಲ್ಲಿ ಉಳಿದ ಎಲೆಗಳಷ್ಟು ನೇರವಾಗಿ ಸತ್ಯ ಹೇಳುವುದು ಬೇರೆ ಯಾವುದೂ ಇಲ್ಲ. ಕಂಪ್ಯೂಟರ್‌ನಲ್ಲಿ ಅರೀನಾ ಆಡುವವರು 17ಲ್ಯಾಂಡ್ಸ್ ಅನ್ನುವ ಜಾಲತಾಣದ ಟ್ರ್ಯಾಕರ್ ಹಾಕಿಕೊಂಡರೆ ಡ್ರಾಫ್ಟ್ ಮತ್ತು ಆಟ ಎರಡೂ ತಾನಾಗಿ ದಾಖಲಾಗುತ್ತವೆ. ಆದರೂ ಕೈಯಿಂದ ಬರೆದ ಆ ಸಾಲಿಗೆ ಬೇರೆಯೇ ಬೆಲೆ ಇದೆ. ಆ ಹೊತ್ತಿಗೆ ಯಾಕೆ ಹಾಗೆ ಆಡಿದಿರಿ ಅನ್ನುವುದು ಟ್ರ್ಯಾಕರ್‌ಗೆ ಗೊತ್ತಿರುವುದಿಲ್ಲ.

ಲಕ್ಷಣ: "ಲ್ಯಾಂಡ್ ಬರಲೇ ಇಲ್ಲ"

17 ಲ್ಯಾಂಡ್ ಹಾಕಿದಾಗ ಮೊದಲ ಏಳು ಕಾರ್ಡ್‌ನಲ್ಲಿ ಎರಡರಿಂದ ಐದು ಲ್ಯಾಂಡ್ ಬರುವುದು ನೂರಕ್ಕೆ ಸುಮಾರು 88 ಸಲ. ಒಂದು ಅಥವಾ ಸೊನ್ನೆ ಲ್ಯಾಂಡ್ ಬರುವುದು ಹತ್ತಕ್ಕೆ ಒಂದು ಸಲ. ಇಷ್ಟು ನಿಮ್ಮ ಕೈಯಲ್ಲಿಲ್ಲ, ಬಿಟ್ಟುಬಿಡಿ. ಆದರೆ ನಿಮ್ಮ ಪಟ್ಟಿಯಲ್ಲಿ ಅರ್ಧಕ್ಕರ್ಧ ಸೋಲು ಲ್ಯಾಂಡ್‌ನ ಹೆಸರಲ್ಲೇ ಇದ್ದರೆ ಅದು ಅದೃಷ್ಟ ಅಲ್ಲ.

ಮೊದಲು ಲ್ಯಾಂಡ್ ಎಣಿಸಿ. ನಾಲ್ಕು ಮನಾದ ಕಾರ್ಡ್ ಒಂದನ್ನು ನಾಲ್ಕನೇ ಟರ್ನ್‌ನಲ್ಲೇ ಆಡಬೇಕು, ಆಟ ಶುರು ಮಾಡಿದವರು ನೀವೇ ಅಂತ ಇಟ್ಟುಕೊಳ್ಳಿ. ಆ ಹೊತ್ತಿಗೆ ಹತ್ತು ಕಾರ್ಡ್ ನೋಡಿರುತ್ತೀರಿ. 17 ಲ್ಯಾಂಡ್ ಇದ್ದರೆ ನಾಲ್ಕು ಲ್ಯಾಂಡ್ ಸಿಕ್ಕಿರುವ ಸಂಭವ ನೂರಕ್ಕೆ 71. 16 ಇದ್ದರೆ 64. 15 ಇದ್ದರೆ 57. "ಒಂದು ಲ್ಯಾಂಡ್ ತೆಗೆದರೆ ಏನಾಗುತ್ತೆ ಬಿಡಿ" ಅನ್ನುವವರು ಈ ಮೂರು ಅಂಕಿ ನೋಡಬೇಕು. ಒಂದೊಂದು ಲ್ಯಾಂಡ್ ತೆಗೆದಾಗಲೂ ಹದಿನಾಲ್ಕು ಹದಿನೈದು ಆಟಕ್ಕೆ ಒಂದರ ಹಾಗೆ ನಾಲ್ಕನೇ ಟರ್ನ್ ಖಾಲಿ ಹೋಗುತ್ತದೆ.

ಲ್ಯಾಂಡ್ ಸರಿಯಾಗಿಯೇ ಇದ್ದರೆ ಇನ್ನೊಂದು ಕಡೆ ನೋಡಿ. 17 ಲ್ಯಾಂಡ್ ಇಟ್ಟರೂ ಹತ್ತರಲ್ಲಿ ಮೂರು ಸಲ ನಾಲ್ಕನೆಯದು ಹೊತ್ತಿಗೆ ಬರುವುದಿಲ್ಲ. ಆ ಮೂರು ಸಲವೂ ನಿಮ್ಮ ಡೆಕ್ ಏನಾದರೂ ಆಡಲು ಸಾಧ್ಯವಾ? ಇಲ್ಲಿ ಹೆಚ್ಚಿನವರ ಡೆಕ್ ಸಿಕ್ಕಿಬೀಳುತ್ತದೆ. ಐದು ಮತ್ತು ಅದಕ್ಕಿಂತ ಜಾಸ್ತಿ ಮನಾದ ಕಾರ್ಡ್‌ಗಳನ್ನು ಎಣಿಸಿ. ನಾಲ್ಕು ಐದು ಇದ್ದರೆ ಸರಿ. ಏಳೆಂಟು ಇದ್ದರೆ ನಿಮ್ಮ ತೊಂದರೆಯ ಹೆಸರು ಲ್ಯಾಂಡ್ ಅಲ್ಲ. ಮೂರು ಲ್ಯಾಂಡ್‌ಗೆ ನಿಂತುಹೋದ ಆಟದಲ್ಲಿ ಎರಡು ಮನಾದ ಎರಡು ಕಾರ್ಡ್, ಮೂರು ಮನಾದ ಒಂದು ಕಾರ್ಡ್ ಆಡಿದವರು ಇನ್ನೂ ಆಟದಲ್ಲಿ ಇರುತ್ತಾರೆ. ಆರು ಮನಾದ ಶಿವನ್ ಡ್ರ್ಯಾಗನ್ ಕಾರ್ಡ್ ಹಿಡಿದುಕೊಂಡು ಆರನೇ ಲ್ಯಾಂಡ್‌ಗೆ ಕಾಯುತ್ತಾ ಕೂತವರು ಇರುವುದಿಲ್ಲ. ಇಬ್ಬರೂ ನೋಡಿದ ಲ್ಯಾಂಡ್ ಮೂರೇ ಅಲ್ವಾ? ಮೊದಲನೆಯವರು ಅದನ್ನು ಲ್ಯಾಂಡ್ ಸಮಸ್ಯೆ ಅಂತ ನೆನಪಿಟ್ಟುಕೊಳ್ಳುವುದೂ ಇಲ್ಲ.

ಮೂರನೆಯದು, ಇಟ್ಟುಕೊಂಡ ಕೈ. ಏಳರಲ್ಲಿ ಎರಡೇ ಲ್ಯಾಂಡ್ ಬಂದಿದೆ ಅನ್ನಿ. ನೀವೇ ಮೊದಲು ಆಡುವುದಾದರೆ ಮೂರನೇ ಟರ್ನ್ ಹೊತ್ತಿಗೆ ಮೂರನೇ ಲ್ಯಾಂಡ್ ಬರುವ ಸಂಭವ ನೂರಕ್ಕೆ 71. ಎರಡನೆಯವರಾಗಿ ಆಡುವುದಾದರೆ ಒಂದು ಕಾರ್ಡ್ ಹೆಚ್ಚು ಸಿಗುತ್ತದೆ, ಸಂಭವ 85 ಆಗುತ್ತದೆ. ಅದೇ ಏಳು ಎಲೆ, ತೀರ್ಮಾನ ಮಾತ್ರ ಬೇರೆ ಇರಬೇಕು. ಎರಡನೆಯವರಾಗಿದ್ದು, ಕೈಯಲ್ಲಿ ಎರಡು ಮನಾದ ಕಾರ್ಡ್‌ಗಳೇ ಇದ್ದರೆ ಧೈರ್ಯವಾಗಿ ಇಟ್ಟುಕೊಳ್ಳಿ. ಮೊದಲು ಆಡುವವರಾಗಿದ್ದು, ಉಳಿದ ಐದೂ ನಾಲ್ಕು ಐದು ಮನಾದವಾದರೆ ವಾಪಸ್ ಕಲೆಸಿ. 2019ರಲ್ಲಿ ಬಂದ ಲಂಡನ್ ಮಲ್ಲಿಗನ್ ನಿಯಮದಲ್ಲಿ ಮತ್ತೆ ಏಳು ಕಾರ್ಡ್ ನೋಡಿ, ಬೇಡವಾದ ಒಂದನ್ನು ಡೆಕ್ಕಿನ ತಳಕ್ಕೆ ಹಾಕುತ್ತೀರಿ. ಆರು ಕಾರ್ಡ್‌ನ ಕೈ ಅಂದರೆ ಹಿಂದಿನಷ್ಟು ನಷ್ಟವಲ್ಲ.

ಅರೀನಾದಿಂದ ಅಂಗಡಿ ಮೇಜಿಗೆ ಬಂದವರಿಗೆ ಇನ್ನೊಂದು ಮಾತು. ಅರೀನಾದ ಒಂದೇ ಆಟದ ಪಂದ್ಯಗಳಲ್ಲಿ ಸಿಸ್ಟಮ್ ಒಂದಕ್ಕಿಂತ ಹೆಚ್ಚು ಕೈ ಹಂಚಿಕೊಂಡು, ನಿಮ್ಮ ಡೆಕ್ಕಿನ ಲ್ಯಾಂಡ್ ಪ್ರಮಾಣಕ್ಕೆ ಹತ್ತಿರ ಇರುವುದನ್ನು ಕೊಡುವ ಕಡೆ ವಾಲುತ್ತದೆ. ಅಲ್ಲಿ 16 ಲ್ಯಾಂಡ್‌ನಲ್ಲಿ ಆರಾಮಾಗಿ ನಡೆದ ಡೆಕ್, ಮೂರು ಆಟದ ಪಂದ್ಯದಲ್ಲಿ ಅಥವಾ ಕಾಗದದ ಕಾರ್ಡ್‌ನಲ್ಲಿ ಮುಗ್ಗರಿಸಬಹುದು. ಡೆಕ್ ಕೆಟ್ಟಿಲ್ಲ, ಜಾಗ ಬದಲಾಗಿದೆ. ಒಂದು ಲ್ಯಾಂಡ್ ಸೇರಿಸಿ.

ಕಾಗದದ ಕಾರ್ಡ್‌ನಲ್ಲಿ ಕಲೆಸುವುದನ್ನೂ ಪರೀಕ್ಷಿಸಿ. ಆಟ ಮುಗಿದಾಗ ಲ್ಯಾಂಡ್‌ಗಳೆಲ್ಲ ಒಂದೇ ಗುಂಪಾಗಿ ಡೆಕ್‌ಗೆ ವಾಪಸ್ ಹೋಗುತ್ತವೆ. ನಾಲ್ಕು ಸಲ ಮೇಲೆ ಕೆಳಗೆ ಮಾಡಿದರೆ ಆ ಗುಂಪು ಒಡೆಯುವುದಿಲ್ಲ. ಎರಡು ಭಾಗ ಮಾಡಿ ಒಂದರೊಳಗೊಂದು ಸೇರಿಸುವ ಕ್ರಮದಲ್ಲಿ ಏಳೆಂಟು ಸಲ ಕಲೆಸಿ. ಸಾಲುಸಾಲಾಗಿ ಗುಡ್ಡೆ ಹಾಕುವುದು ಕಾರ್ಡ್ ಎಣಿಸಲು ಮಾತ್ರ ಉಪಯೋಗ, ಕಲೆಸಿದಂತೆ ಆಗುವುದಿಲ್ಲ. ಎರಡು ಕಾರ್ಡ್‌ಗೆ ಒಂದು ಲ್ಯಾಂಡ್ ಅಂತ ಪೋಣಿಸಿಟ್ಟು ಹಾಗೇ ಆಡುವುದಂತೂ ಮೋಸ.

ಲಕ್ಷಣ: "ಲ್ಯಾಂಡ್ ಇದೆ, ಬಣ್ಣ ಇಲ್ಲ"

ಇದು ಮೇಲಿನದಕ್ಕಿಂತ ಸೂಕ್ಷ್ಮ. ಎಷ್ಟೋ ಜನ ಇದನ್ನೂ "ಲ್ಯಾಂಡ್ ಬರಲಿಲ್ಲ" ಖಾತೆಗೆ ಸೇರಿಸಿ ಬರೆದುಬಿಡುತ್ತಾರೆ. ಪಟ್ಟಿಯಲ್ಲಿ ಬೇರೆ ಮಾಡಿ ಬರೆಯಿರಿ.

ಮರ್ಡರ್ ಕಾರ್ಡ್ ತೆಗೆದುಕೊಳ್ಳಿ. ಮೂರು ಮನಾ, ಅದರಲ್ಲಿ ಎರಡು ಕಪ್ಪೇ ಆಗಬೇಕು. ನಿಮ್ಮ ಡೆಕ್‌ನಲ್ಲಿ ಎಂಟು ಸ್ವಾಂಪ್ (ಕಪ್ಪು ಮನಾ ಕೊಡುವ ಲ್ಯಾಂಡ್) ಇದೆ. ನೀವು ಮೊದಲು ಆಡುವವರಾದರೆ ಮೂರನೇ ಟರ್ನ್ ಹೊತ್ತಿಗೆ ಎರಡು ಸ್ವಾಂಪ್ ಸಿಕ್ಕಿರದೇ ಇರುವ ಸಂಭವ ನೂರಕ್ಕೆ 41! ಹತ್ತು ಸ್ವಾಂಪ್ ಹಾಕಿದರೆ ಅದು 27ಕ್ಕೆ ಇಳಿಯುತ್ತದೆ. ಒಂಬತ್ತು ಎಂಟು ಅಂತ ಸಮ ಪಾಲು ಮಾಡುವುದು ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಎರಡೂ ಬಣ್ಣದಲ್ಲಿ ಮರ್ಡರ್‌ನಂತೆ ಒಂದೇ ಬಣ್ಣದ ಎರಡು ಮನಾ ಕೇಳುವ ಜೋಡಿ ಗುರುತಿನ ಕಾರ್ಡ್ ತುಂಬಿದ್ದರೆ ಆ ಸಮ ಪಾಲು ಎರಡಕ್ಕೂ ಅನ್ಯಾಯ ಮಾಡುತ್ತದೆ.

ಪರೀಕ್ಷೆ ಹೀಗೆ. ಡೆಕ್ ಹರಡಿ, ಒಂದರಿಂದ ಮೂರು ಮನಾದ ಕಾರ್ಡ್‌ಗಳಲ್ಲಿರುವ ಬಣ್ಣದ ಗುರುತುಗಳನ್ನು ಮಾತ್ರ ಎಣಿಸಿ. ಆರು ಮನಾದ ಕಾರ್ಡ್‌ನ ಗುರುತು ಈಗ ಬೇಡ, ಅದರ ಹೊತ್ತಿಗೆ ಲ್ಯಾಂಡ್ ಸಿಕ್ಕಿರುತ್ತದೆ. ಬೇಗ ಆಡಬೇಕಾದ ಕಾರ್ಡ್‌ಗಳು ಎರಡು ಬಣ್ಣಕ್ಕೂ ಹಂಚಿಹೋಗಿದ್ದರೆ ದೋಷ ಸಿಕ್ಕಿತು. ಒಂದನ್ನು ಮುಖ್ಯ ಬಣ್ಣ ಮಾಡಿ, ಎರಡು ಮನಾದವನ್ನು ಆದಷ್ಟು ಅದರಿಂದಲೇ ತುಂಬಿ, ಲ್ಯಾಂಡ್ ಹತ್ತು ಏಳು ಮಾಡಿ. ಎರಡನೇ ಬಣ್ಣದಿಂದ ನಾಲ್ಕು ಐದು ಮನಾದವನ್ನು ತೆಗೆದುಕೊಳ್ಳಿ. ಹಾಗೆ ಮಾಡುವಾಗ ಸ್ವಲ್ಪ ಮೇಲ್ಮಟ್ಟದ ಒಂದು ಕಾರ್ಡ್ ಹೊರಗೆ ಉಳಿಯುತ್ತದೆ. ಉಳಿಯಲಿ. ಆಡಲಾಗದೆ ಕೈಯಲ್ಲಿ ಕೊಳೆಯುವ ಒಳ್ಳೆಯ ಕಾರ್ಡ್‌ಗಿಂತ, ಹೊತ್ತಿಗೆ ಆಡಿದ ಎರಡು ಮನಾದ ಸಾಧಾರಣ ಗ್ರಿಜ್ಲಿ ಬೇರ್ಸ್ ಮೇಲು.

ಸ್ಪ್ಲ್ಯಾಶ್ ಬಗ್ಗೆ, ಅಂದರೆ ಮೂರನೇ ಬಣ್ಣದ ಒಂದೆರಡು ಕಾರ್ಡ್ ಸೇರಿಸುವ ಬಗ್ಗೆ, ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ಮೂರು ಲ್ಯಾಂಡ್ ನಂಬಿ ಒಂದು ಕಾರ್ಡ್ ಸೇರಿಸಿದರೆ, ಆರನೇ ಟರ್ನ್ ಹೊತ್ತಿಗೂ ಆ ಮೂರರಲ್ಲಿ ಒಂದೂ ಬಂದಿರದ ಸಂಭವ ಮೂರಕ್ಕೆ ಒಂದು. ಜೊತೆಗೆ ಆ ಮೂರು ಲ್ಯಾಂಡ್ ನಿಮ್ಮ ನಿಜವಾದ ಬಣ್ಣಗಳ ಜಾಗ ತಿಂದಿರುತ್ತವೆ. ಹಾಗಾಗಿ ಸ್ಪ್ಲ್ಯಾಶ್ ಕಾರ್ಡ್‌ನಲ್ಲಿ ಆ ಬಣ್ಣದ ಗುರುತು ಒಂದೇ ಇರಬೇಕು. ತಡವಾಗಿ ಬಂದರೂ ಆಟ ತಿರುಗಿಸುವಂತಿರಬೇಕು. ಬೇಕಾದ ಬಣ್ಣದ ಲ್ಯಾಂಡ್ ಹುಡುಕಿ ಕೊಡುವ ಇವಾಲ್ವಿಂಗ್ ವೈಲ್ಡ್ಸ್‌ನಂತಹ ಸಹಾಯವೂ ಇರಬೇಕು. ಎರಡು ಬಿಳಿ ಗುರುತಿನ ಸೆರಾ ಏಂಜೆಲ್ ಎಷ್ಟೇ ಚೆಂದ ಇದ್ದರೂ ಸ್ಪ್ಲ್ಯಾಶ್ ಮಾಡುವ ಕಾರ್ಡ್ ಅಲ್ಲ. ಎರಡು ಮನಾದ ಕ್ರೀಚರ್ (ಬೋರ್ಡ್ ಮೇಲೆ ನಿಂತು ಹೊಡೆಯುವ, ತಡೆಯುವ ಕಾರ್ಡ್) ಸ್ಪ್ಲ್ಯಾಶ್ ಮಾಡಿದ ಡೆಕ್ ಕಂಡರೆ ಅದನ್ನು ಮೊದಲು ತೆಗೆಯಿರಿ, ಉಳಿದದ್ದು ಆಮೇಲೆ ನೋಡೋಣ.

ಲಕ್ಷಣ: "ಬರೀ ಲ್ಯಾಂಡೇ ಬರ್ತಿದೆ"

ಇದಕ್ಕೆ ಎಲ್ಲರೂ ಮಾಡುವ ಮದ್ದು ಲ್ಯಾಂಡ್ ಕಡಿಮೆ ಮಾಡುವುದು. ಅದು ಮೇಲಿನ ರೋಗವನ್ನು ಕರೆದುಕೊಂಡು ಬರುತ್ತದೆ. ಡೆಕ್ ನಿಜವಾಗಿಯೂ ತುಂಬಾ ಅಗ್ಗದ್ದಾಗಿದ್ದರೆ, ಐದು ಮನಾದ್ದು ಒಂದೋ ಎರಡೋ ಇದ್ದರೆ, 16 ಸಾಕು. ಉಳಿದವರು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಒಂಬತ್ತು ಲ್ಯಾಂಡ್ ಬಂದಾಗ ಆ ಮನಾವನ್ನು ಏನು ಮಾಡುತ್ತೀರಿ? ಬೋರ್ಡ್ ಮೇಲೆ ಕೂತು ಮನಾ ತಿನ್ನುವ ಕಾರ್ಡ್ ಮೂರು ನಾಲ್ಕು ಇರಲಿ. ಕೆಂಪು ಮನಾ ಕೊಟ್ಟಷ್ಟೂ ಬಲ ಏರುವ ಶಿವನ್ ಡ್ರ್ಯಾಗನ್ ಇದಕ್ಕೆ ಹಳೆಯ ಉದಾಹರಣೆ. ಹೆಚ್ಚು ಮನಾ ಕೊಟ್ಟರೆ ಹೆಚ್ಚು ಕೆಲಸ ಮಾಡುವ ಕಿಕ್ಕರ್ ಕಾರ್ಡ್, ಸಾಮರ್ಥ್ಯ ಇರುವ ಲ್ಯಾಂಡ್, ಕಾರ್ಡ್ ಎಳೆಯುವ ಕಾರ್ಡ್ ಕೂಡ ಇದೇ ಕೆಲಸ ಮಾಡುತ್ತವೆ.

ಲಕ್ಷಣ: "ಆರನೇ ಟರ್ನ್‌ಗೆ ಆಟವೇ ಮುಗಿದಿತ್ತು"

ಡೆಕ್ಕನ್ನು ಮನಾ ಪ್ರಕಾರ ಸಾಲಾಗಿ ಜೋಡಿಸಿ. ಒಂದು, ಎರಡು, ಮೂರು, ಹೀಗೆ. ಎರಡು ಮನಾದ ಸಾಲಿನಲ್ಲಿ ಎಷ್ಟಿದೆ? ಎರಡೇ ಇದ್ದರೆ, ಮೊದಲು ಆಡುವಾಗ ಎರಡನೇ ಟರ್ನ್ ಹೊತ್ತಿಗೆ ಒಂದಾದರೂ ಕೈಗೆ ಬಂದಿರುವ ಸಂಭವ ನೂರಕ್ಕೆ 36. ನಾಲ್ಕು ಇದ್ದರೆ 61. ಆರು ಇದ್ದರೆ 76. ಎಂಟು ಇದ್ದರೆ 86. ಎರಡರಿಂದ ಆರಕ್ಕೆ ಹೋದರೆ ಸಂಭವ ಎರಡು ಪಟ್ಟಿಗಿಂತ ಜಾಸ್ತಿ. ಆರರಿಂದ ಎಂಟಕ್ಕೆ ಹೋದರೆ ಸಿಗುವುದು ಹತ್ತೇ. ಅದಕ್ಕೇ ಆರು ಅನ್ನುವುದು ನನಗೆ ಇಷ್ಟವಾದ ಸಂಖ್ಯೆ. ವೇಗದ ಡೆಕ್ ಆದರೆ ಎಂಟು.

ಇಲ್ಲಿ ಒಂದು ಎಚ್ಚರ ಬೇಕು. ಎರಡು ಮನಾದ ಕಾರ್ಡ್ ಅಂದರೆ ಎರಡನೇ ಟರ್ನ್‌ನಲ್ಲಿ ಆಡಿ ಬೋರ್ಡ್ ಮೇಲೆ ನಿಲ್ಲಿಸುವಂಥದ್ದು. ಒಂದು ಮನಾದ ಜೈಂಟ್ ಗ್ರೋತ್ ಅಗ್ಗ ನಿಜ. ಆದರೆ ಬಲ ಕೊಡಲು ಬೋರ್ಡ್‌ನಲ್ಲಿ ಕ್ರೀಚರ್ ಇಲ್ಲದಿದ್ದರೆ ಅದು ಖಾಲಿ ಕಾರ್ಡ್. ಇಂಥ ಟ್ರಿಕ್‌ಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಡೆಕ್ ಅಗ್ಗ ಅಂತ ಕಾಣುತ್ತದೆ, ಎರಡನೇ ಟರ್ನ್ ಮಾತ್ರ ಖಾಲಿ ಹೋಗುತ್ತದೆ. ಕ್ರೀಚರ್ ಹದಿನೈದು ಹದಿನಾರು ಇದೆಯಾ ಅಂತಲೂ ನೋಡಿ. ಹನ್ನೊಂದಕ್ಕೆ ಇಳಿದಿದ್ದರೆ ಟ್ರಿಕ್‌ಗಳಲ್ಲಿ ಎರಡು ಮೂರು ಹೊರಗೆ ಹೋಗಲಿ.

ಅಗ್ಗದ ಕಾರ್ಡ್ ಬೇಕಾದಷ್ಟಿದ್ದೂ ಬೇಗ ಸಾಯುತ್ತಿದ್ದರೆ ಡೆಕ್‌ನಿಂದ ಕಣ್ಣು ತೆಗೆದು ಆಟವನ್ನು ನೋಡಬೇಕು. ಯಾರು ಹೊಡೆಯಬೇಕು, ಯಾರು ತಡೆಯಬೇಕು ಅನ್ನುವುದು ತಲೆಕೆಳಗಾಗಿರುತ್ತದೆ. ಎದುರಿನವರು ನಿಮಗಿಂತ ವೇಗವಾಗಿದ್ದರೆ ನೀವು ತಡೆಯುವವರು. ಆಗ ಕ್ರೀಚರ್ ಕಳಿಸಿ ಎರಡು ಅಂಕ ಹೊಡೆದು, ಬ್ಲಾಕ್ ಮಾಡಲು ಯಾರೂ ಇಲ್ಲದೆ ನಾಲ್ಕು ಅಂಕ ತಿನ್ನುವುದು ನಷ್ಟದ ವ್ಯಾಪಾರ.

ಲಕ್ಷಣ: "ಅವರ ಒಂದೇ ಕಾರ್ಡ್‌ಗೆ ಸೋತೆ"

ರಿಮೂವಲ್, ಅಂದರೆ ಎದುರಿನವರ ಕ್ರೀಚರ್ ತೆಗೆದುಹಾಕುವ ಕಾರ್ಡ್, ಎಷ್ಟಿದೆ ಎಣಿಸಿ. ಮೂರಕ್ಕಿಂತ ಕಡಿಮೆ ಇದ್ದರೆ ಇದು ಡ್ರಾಫ್ಟ್‌ನ ದೋಷ. ನಾಲ್ಕೈದು ಇದ್ದೂ ಸೋಲುತ್ತಿದ್ದರೆ, ಬರೆದಿಟ್ಟ ಪಟ್ಟಿಯಲ್ಲಿ ಆ ರಿಮೂವಲ್ ಎಲ್ಲಿ ಖರ್ಚಾಯಿತು ಅಂತ ನೋಡಿ. ಎರಡನೇ ಟರ್ನ್‌ನ 2/2 (ಹೊಡೆಯುವ ಬಲ ಎರಡು, ತಾಳುವ ಶಕ್ತಿ ಎರಡು) ಕ್ರೀಚರ್ ಮೇಲೆ ಹೋಗಿದ್ದರೆ ಉತ್ತರ ಅಲ್ಲೇ ಇದೆ. ಯಾವ ಬಗೆಯ ರಿಮೂವಲ್ ಅನ್ನುವುದೂ ಮುಖ್ಯ. ಲೈಟ್ನಿಂಗ್ ಬೋಲ್ಟ್ ಮೂರು ಅಂಕ ಹೊಡೆಯುತ್ತದೆ. ಎಲ್ಲವೂ ಅದೇ ಬಗೆಯವಾದರೆ 5/5 ಡ್ರ್ಯಾಗನ್ ಬಂದಾಗ ಒಂದೇ ಕಾರ್ಡ್‌ನಲ್ಲಿ ಕೆಲಸ ಆಗುವುದಿಲ್ಲ. ಪ್ಯಾಸಿಫಿಸಮ್ ಹೊಡೆಯುವುದನ್ನೂ ಬ್ಲಾಕ್ ಮಾಡುವುದನ್ನೂ ನಿಲ್ಲಿಸುತ್ತದೆ. ಆದರೆ ಸುಮ್ನೆ ಕೂತೇ ಪ್ರತಿ ಟರ್ನ್ ಏನಾದರೂ ಮಾಡುವ ಕ್ರೀಚರ್ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಏನನ್ನಾದರೂ ಕೊಲ್ಲಬಲ್ಲ ಒಂದೆರಡು ಕಾರ್ಡ್ ಇದ್ದರೆ ಅವನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳಿ.

ಇದರ ತಮ್ಮನಂಥ ಲಕ್ಷಣ ಇನ್ನೊಂದಿದೆ. ಎರಡೂ ಕಡೆ ಬೋರ್ಡ್ ತುಂಬಿ, ಯಾರೂ ಹೊಡೆಯಲಾಗದೆ, ಕೊನೆಗೆ ನೀವೇ ಸೋಲುವುದು. ಹಾರುವ ಕ್ರೀಚರ್ ಮೂರು ನಾಲ್ಕು ಇಲ್ಲದ ಡೆಕ್‌ಗಳಲ್ಲಿ ಇದು ಸಾಮಾನ್ಯ. ಗೆಲ್ಲುವುದು ಹೇಗೆ ಅಂತ ಒಂದು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಡೆಕ್ ಇನ್ನೂ ಮುಗಿದಿಲ್ಲ.

ಲಕ್ಷಣ: "23 ಒಳ್ಳೆಯ ಕಾರ್ಡೇ ಸಿಗಲಿಲ್ಲ"

ಮೇಲಿನ ಎಷ್ಟೋ ದೋಷಗಳ ಬೇರು ಇಲ್ಲಿದೆ. ಎರಡು ಮನಾದ್ದು ಯಾಕಿಲ್ಲ? ಆರಿಸಿಕೊಳ್ಳಲಿಲ್ಲ. ಸ್ಪ್ಲ್ಯಾಶ್ ಯಾಕೆ ಮಾಡಬೇಕಾಯಿತು? ಎರಡು ಬಣ್ಣದಲ್ಲಿ ಸಾಕಷ್ಟು ಆಗಲಿಲ್ಲ. ಡೆಕ್ ಕಟ್ಟುವ ಹೊತ್ತಿನಲ್ಲಿ ಇದಕ್ಕೆ ಮದ್ದಿಲ್ಲ.

ಲೆಕ್ಕ ನೋಡಿ. 2024ರ ಫೆಬ್ರವರಿಯಲ್ಲಿ ಮರ್ಡರ್ಸ್ ಅಟ್ ಕಾರ್ಲೋವ್ ಮ್ಯಾನರ್ ಸೆಟ್‌ನ ಜೊತೆ ಪ್ಲೇ ಬೂಸ್ಟರ್ ಅನ್ನುವ ಹೊಸ ಬಗೆಯ ಪ್ಯಾಕ್ ಬಂತು. ಪ್ಯಾಕ್‌ನಲ್ಲಿ 14 ಕಾರ್ಡ್, ಅದರಲ್ಲಿ ಒಂದು ಜಾಗ ಲ್ಯಾಂಡ್‌ಗೆ. ಅಂದರೆ ಮೂರು ಪ್ಯಾಕ್‌ಗೆ 42 ಪಿಕ್. ಲ್ಯಾಂಡ್ ಜಾಗ ಬಿಟ್ಟರೆ 39. ಬೇಕಿರುವುದು 23. ಹದಿನಾರು ಕಾರ್ಡ್ ವ್ಯರ್ಥ ಆದರೂ ಪರವಾಗಿಲ್ಲ ಅಂತ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಪ್ರತಿ ಪ್ಯಾಕ್‌ನ ಕೊನೆಯ ಮೂರು ನಾಲ್ಕು ಪಿಕ್‌ನಲ್ಲಿ ಕೆಲಸಕ್ಕೆ ಬರುವಂಥದ್ದು ಅಪರೂಪ. ಅವನ್ನು ಕಳೆಯಿರಿ. ಉಳಿದದ್ದು ಮೂವತ್ತರ ಆಸುಪಾಸು. ಹಳೆಯ ಡ್ರಾಫ್ಟ್ ಬೂಸ್ಟರ್‌ನಲ್ಲಿ 15 ಕಾರ್ಡ್ ಇತ್ತು. ಈಗ ಕೈಬಿಗಿ ಇನ್ನೂ ಜಾಸ್ತಿ. ಮೊದಲ ಪ್ಯಾಕ್‌ನಲ್ಲಿ ನಾಲ್ಕು ಬಣ್ಣ ಮುಟ್ಟಿ, ಎರಡನೆಯದರ ನಡುವೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿದರೆ ಆ ಮೂವತ್ತು ಎಲ್ಲಿ ಹೋಯಿತು ಅಂತ ಬೇರೆ ಹುಡುಕಬೇಕಿಲ್ಲ.

ಪತ್ತೆ ಮಾಡಲು ಡ್ರಾಫ್ಟ್ ದಾಖಲೆಯನ್ನು ತೆರೆದು ಒಂದೇ ವಿಷಯ ಗುರುತಿಸಿ: ಕೊನೆಗೆ ಆಡಿದ ಎರಡೂ ಬಣ್ಣ ಎಷ್ಟನೇ ಪಿಕ್‌ನಲ್ಲಿ ಗಟ್ಟಿಯಾಯಿತು? ದಾಖಲೆ ಇಲ್ಲದಿದ್ದರೆ ಡ್ರಾಫ್ಟ್ ಮುಗಿದ ತಕ್ಷಣ ನೆನಪಿನಿಂದ ಬರೆಯಿರಿ.

ಎರಡನೇ ಪ್ಯಾಕ್ ಮುಗಿಯುವ ಹೊತ್ತಿಗೂ ಗಟ್ಟಿಯಾಗಿರದಿದ್ದರೆ ದೋಷ ಹಿಂಜರಿಕೆ. ಒಂದನೇ ಪ್ಯಾಕ್‌ನ ಮೂರನೇ ಪಿಕ್‌ಗೇ ಗಟ್ಟಿಯಾಗಿ, ಆಮೇಲೆ ಒಳ್ಳೆಯ ಕಾರ್ಡ್ ಬರದೇ ಹೋಗಿದ್ದರೆ ದೋಷ ಹಟ. ಎರಡನೆಯದೇ ಹೆಚ್ಚು ಕಾಣಸಿಗುತ್ತದೆ. ಮೊದಲ ಪಿಕ್ ಭಾರಿ ಕೆಂಪು ರೇರ್, ಅಂದರೆ ಅಪರೂಪದ ಕಾರ್ಡ್. ಆಮೇಲೆ ಬರುವ ಪ್ಯಾಕ್‌ಗಳಲ್ಲಿ ಕೆಂಪು ಒಣಗಿಹೋಗಿದೆ. ಆದರೂ ಆ ಒಂದು ಕಾರ್ಡ್‌ಗಾಗಿ ಇಪ್ಪತ್ತು ಪಿಕ್ ಕಳಪೆ ಕೆಂಪು ಕಾರ್ಡ್ ಹೆಕ್ಕುವುದು. ಡೆಕ್‌ನಲ್ಲಿ 40 ಕಾರ್ಡ್ ಇರುವಾಗ ಒಂದು ರೇರ್ ಪ್ರತಿ ಆಟದಲ್ಲೂ ಕೈಗೆ ಬರುವುದೂ ಇಲ್ಲ.

ಯಾವ ಬಣ್ಣ ಖಾಲಿ ಇದೆ ಅಂತ ತಿಳಿಯಲು ಮೇಜೇ ಸುಳಿವು ಕೊಡುತ್ತದೆ. ಮೊದಲ ಪ್ಯಾಕ್ ಎಡಕ್ಕೆ ಹೋಗುತ್ತದೆ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಅಂದರೆ ಬಲಗಡೆಯವರು ನಿಮಗೆ ಎರಡು ಪ್ಯಾಕ್ ಉಣಿಸುತ್ತಾರೆ, ಎಡಗಡೆಯವರು ಒಂದು. ಮೊದಲ ಪ್ಯಾಕ್‌ನ ಐದು ಆರು ಏಳನೇ ಪಿಕ್‌ನಲ್ಲಿ ಒಳ್ಳೆಯ ಕಪ್ಪು ಕಾರ್ಡ್ ಇನ್ನೂ ಉಳಿದಿದ್ದರೆ ಬಲಗಡೆ ಕಪ್ಪು ಆಡುವವರು ಕಡಿಮೆ. ಮೂರನೇ ಪ್ಯಾಕ್‌ನಲ್ಲೂ ಅದೇ ಬರುತ್ತದೆ. ಇನ್ನು ನೀವು ಮೊದಲ ಪ್ಯಾಕ್‌ನಲ್ಲಿ ಕಪ್ಪನ್ನು ಎಡಕ್ಕೆ ಬಿಡದೆ ಹಿಡಿದುಕೊಂಡರೆ ಎಡಗಡೆಯವರು ಬೇರೆ ಬಣ್ಣಕ್ಕೆ ಹೋಗುತ್ತಾರೆ. ಎರಡನೇ ಪ್ಯಾಕ್‌ನಲ್ಲಿ ಅವರೇ ನಿಮಗೆ ಕಪ್ಪು ದಾಟಿಸುತ್ತಾರೆ. ಎಂಟು ಜನರ ಮೇಜಿನಲ್ಲಿ ನೀವು ಮೊದಲು ತೆರೆದ ಪ್ಯಾಕ್ ಒಂಬತ್ತನೇ ಪಿಕ್‌ಗೆ ವಾಪಸ್ ಬರುತ್ತದೆ, ಆರು ಕಾರ್ಡ್ ಉಳಿಸಿಕೊಂಡು. ಏನೇನು ಮಾಯವಾಗಿದೆ ಅಂತ ಆಗ ನೋಡಿ. ಎರಡು ಸಾಧಾರಣ ಹಸಿರು ಕಾರ್ಡ್ ಇನ್ನೂ ಅಲ್ಲೇ ಇದ್ದರೆ ಉಳಿದ ಏಳೂ ಜನ ಅವನ್ನು ದಾಟಿಸಿದ್ದಾರೆ. ಇಷ್ಟು ಸ್ಪಷ್ಟ ಸುಳಿವು ಮೇಜಿನಲ್ಲಿ ಬೇರೆ ಸಿಗುವುದಿಲ್ಲ. ಅದಕ್ಕೇ ಮೊದಲ ಪ್ಯಾಕ್‌ನ ಮೂರು ನಾಲ್ಕು ಕಾರ್ಡ್ ನೆನಪಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಅರೀನಾದ ಕ್ವಿಕ್ ಡ್ರಾಫ್ಟ್‌ನಲ್ಲಿ ಪಕ್ಕದಲ್ಲಿರುವುದು ಬಾಟ್‌ಗಳು. ಅಲ್ಲಿ ಕಲಿತ ಸುಳಿವುಗಳನ್ನು ಮನುಷ್ಯರ ಮೇಜಿಗೆ ಹಾಗೇ ತರಬೇಡಿ.

ತಡೆಯುವ ಉಪಾಯ ಒಂದೇ, ಎಣಿಕೆ. ಎರಡನೇ ಪ್ಯಾಕ್ ಮುಗಿದಾಗ ಖಂಡಿತ ಆಡುವ ಕಾರ್ಡ್‌ಗಳನ್ನು ಎಣಿಸಿ. ಹದಿನೈದು ಹದಿನಾರು ಇದ್ದರೆ ಮೂರನೇ ಪ್ಯಾಕ್‌ನಲ್ಲಿ ಇನ್ನೂ ಒಳ್ಳೆಯದನ್ನು ಹುಡುಕುವ ಸ್ವಾತಂತ್ರ್ಯ ಇದೆ. ಹನ್ನೆರಡೇ ಇದ್ದರೆ ಆ ಸ್ವಾತಂತ್ರ್ಯ ಇಲ್ಲ. ಆಗ ಮೂರನೇ ಬಣ್ಣದ ರೇರ್ ಬಂದರೂ ಬಿಟ್ಟು, ನಿಮ್ಮ ಬಣ್ಣದ ಎರಡು ಮನಾದ ಕ್ರೀಚರ್ ತೆಗೆದುಕೊಳ್ಳಬೇಕು. ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಬೇಕು.

ಅಂಕಿಅಂಶ ನೋಡಿ ಆರಿಸಿದರೂ ಸೋಲು

17ಲ್ಯಾಂಡ್ಸ್‌ನಲ್ಲಿ ಪ್ರತಿ ಕಾರ್ಡ್‌ಗೂ ಅದು ಕೈಗೆ ಬಂದ ಆಟಗಳ ಗೆಲುವಿನ ಪ್ರಮಾಣ ಸಿಗುತ್ತದೆ. ಬಹಳ ಒಳ್ಳೆಯ ಸಾಧನ. ಆದರೆ ಅದು ಆ ಕಾರ್ಡ್ ಹಾಕಿದ ಎಲ್ಲ ಡೆಕ್‌ಗಳ ಸರಾಸರಿ. ವೇಗದ ಡೆಕ್‌ನಲ್ಲಿ ಮಿಂಚುವ ಒಂದು ಮನಾದ ಕ್ರೀಚರ್ ನಿಮ್ಮ ನಿಧಾನದ ಡೆಕ್‌ನಲ್ಲಿ ಬರೀ ಜಾಗ ತಿನ್ನುತ್ತದೆ. ಟ್ರ್ಯಾಕರ್ ಹಾಕಿಕೊಳ್ಳುವವರು ಸರಾಸರಿ ಆಟಗಾರರಿಗಿಂತ ಮೇಲಿನವರು ಅನ್ನುವುದೂ ನೆನಪಿರಲಿ. ಅವರ ಒಟ್ಟು ಗೆಲುವು ನೂರಕ್ಕೆ 50ಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ 52 ಅಂತ ಕಂಡ ಕಾರ್ಡ್ ಅಲ್ಲಿ ಕೆಳಗಿನ ಸಾಲಿನದು. ಅಂಕಿಯನ್ನು ಅಂಕಿಯಾಗಿ ಓದಬೇಡಿ, ಅದೇ ಸೆಟ್‌ನ ಬೇರೆ ಕಾರ್ಡ್‌ಗಳ ಪಕ್ಕ ಇಟ್ಟು ಓದಿ. ಹತ್ತನೇ ಪಿಕ್ ನಂತರ ನಿಮ್ಮ ಡೆಕ್‌ಗೆ ಏನು ಕೊರತೆ ಇದೆ ಅನ್ನುವ ಪ್ರಶ್ನೆ ಆ ಪಟ್ಟಿಗಿಂತ ದೊಡ್ಡದು.

ಸರಿ ಮಾಡಿದ ಮೇಲೆ ಪರೀಕ್ಷೆ

ಬದಲಾವಣೆ ಒಂದೊಂದೇ ಮಾಡಿ. ಲ್ಯಾಂಡ್, ಬಣ್ಣ, ಕರ್ವ್ (ಮನಾ ಪ್ರಕಾರ ಕಾರ್ಡ್‌ಗಳ ಹಂಚಿಕೆ) ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು ಅಂತ ತಿಳಿಯುವುದಿಲ್ಲ. ಡೆಕ್ ಕಟ್ಟಿದ ಮೇಲೆ ಒಬ್ಬರೇ ಕೂತು ಏಳು ಕಾರ್ಡ್ ತೆಗೆದು, ಎದುರಾಳಿ ಇಲ್ಲದೆ ಐದು ಟರ್ನ್ ಆಡಿ ನೋಡಿ. ಹತ್ತು ಸಲ ಮಾಡಲು ಕಾಲು ಗಂಟೆ ಸಾಕು. ಎರಡು ಅಥವಾ ಮೂರನೇ ಟರ್ನ್ ಖಾಲಿ ಹೋದ ಸಲಗಳನ್ನು ಎಣಿಸಿ. ಹತ್ತರಲ್ಲಿ ಐದು ಸಲ ಖಾಲಿ ಹೋದರೆ ಪಂದ್ಯಕ್ಕೆ ಮುಂಚೆಯೇ ದೋಷ ಸಿಕ್ಕಿದೆ. 40ಕ್ಕೆ ಇಳಿಸಲು ಯಾವುದನ್ನು ಬಿಡಲಿ ಅಂತ ಗೊತ್ತಾಗದೆ 41 ಕಾರ್ಡ್ ಹಾಕಿದ್ದರೆ ಈಗ ಒಂದನ್ನು ತೆಗೆಯಿರಿ. ಅತಿ ಒಳ್ಳೆಯ ಕಾರ್ಡ್ ಸಿಗುವ ಸಂಭವವನ್ನು ಅತಿ ಕಳಪೆ ಕಾರ್ಡ್‌ಗಾಗಿ ಕಡಿಮೆ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೂರು ಆಟದ ಪಂದ್ಯವಾದರೆ ರಿಪೇರಿಗೆ ಮುಂದಿನ ಡ್ರಾಫ್ಟ್‌ವರೆಗೆ ಕಾಯಬೇಕಾಗಿಯೂ ಇಲ್ಲ. ಡೆಕ್‌ಗೆ ಸೇರದ ಪಿಕ್‌ಗಳೆಲ್ಲ ನಿಮ್ಮ ಸೈಡ್‌ಬೋರ್ಡ್. ಬೇಸಿಕ್ ಲ್ಯಾಂಡ್ ಬೇಕಾದಷ್ಟು ತೆಗೆದುಕೊಳ್ಳಬಹುದು. ಮೊದಲ ಆಟದಲ್ಲಿ ಎದುರಿನ ಡೆಕ್ ವೇಗದ್ದು ಅಂತ ಗೊತ್ತಾದರೆ ಆರು ಮನಾದ ಎರಡು ಕಾರ್ಡ್ ತೆಗೆದು, ಹೊರಗಿಟ್ಟಿದ್ದ ಎರಡು ಮನಾದ ಬ್ಲಾಕರ್ ಹಾಕಿ. ಸ್ಪ್ಲ್ಯಾಶ್ ಕೈಕೊಟ್ಟರೆ ಆ ಬಣ್ಣವನ್ನೇ ಪೂರ್ತಿ ತೆಗೆದು ಎರಡು ಬಣ್ಣಕ್ಕೆ ಇಳಿಯಿರಿ. ನೀವು ಎರಡನೆಯವರಾಗಿ ಆಡುವಾಗ 17ರಲ್ಲಿ ಒಂದು ಲ್ಯಾಂಡ್ ತೆಗೆಯುವುದಕ್ಕೂ ಅವಕಾಶ ಇದೆ, ಒಂದು ಕಾರ್ಡ್ ಹೇಗೂ ಹೆಚ್ಚು ಸಿಗುತ್ತದಲ್ಲ. ಅಂಗಡಿ ಮೇಜುಗಳಲ್ಲಿ ಬಹಳ ಜನ ಎರಡನೇ ಆಟಕ್ಕೆ ಸೈಡ್‌ಬೋರ್ಡ್ ಮುಟ್ಟುವುದೇ ಇಲ್ಲ. ಪಂದ್ಯ ಮುಗಿದ ಮೇಲೆ ಮೊದಲಿದ್ದ 40ಕ್ಕೆ ವಾಪಸ್ ತಂದು, ಒಂದು ಸಲ ಎಣಿಸಿ, ಆಮೇಲೆ ಮುಂದಿನ ಸುತ್ತಿಗೆ ಕಲೆಸಿ.